ಮೈಗೆ ಹತ್ತದ ಹೋಳಿಗೆ

ಎಪ್ಪತ್ತರ ದಶಕದಲ್ಲಿ ಸೋಲಾಪುರದಲ್ಲಿ ನಾನು ಸಕ್ಕರೆ ಕಾಯಿಲೆಯ ಡಾಕ್ಟರನಾಗಿದ್ದೆ. ನನ್ನ ದವಾಖಾನೆಗೆ ಬರುವವರು ರೋಗದ ಜೊತೆಗೆ ಅದರ ಚಿಕಿತ್ಸೆಯನ್ನೂ ತಾವೇ ಗೊತ್ತುಮಾಡಿಕೊಂಡು ಬರುತ್ತಿದ್ದರು. ಗೋಣು ಹಾಕುವುದಷ್ಟೇ ನನ್ನ ಪಾಲಿನ ವೈದ್ಯಕೀಯ. ಅಂಥವರಲ್ಲೆಲ್ಲ ಹಿರಿಯರೆಂದರೆ ಕುಂಭಾರಿ ದಾಟಿ ಅಕ್ಕಲಕೋಟ ರಸ್ತೆಯಲ್ಲಿ ಸಿಗುವ ಹಳ್ಳಿಯೊಂದರ ಗೌಡರು.

ನಿಂತು ತಿಂದದ್ದು

ಗೌಡರು ನನ್ನ ಬಾಗಿಲಲ್ಲಿ ಅಡ್ಡಾಗಿ ಒಳಗೆ ಬರುತ್ತಿದ್ದರು. ನೇರವಾಗಿ ಬಂದರೆ ಬಾಗಿಲು ಸಾಲುತ್ತಿರಲಿಲ್ಲ. ಸಕ್ಕರೆ ಏರಿತ್ತು, ಮೊಣಕಾಲು ಕೈಕೊಟ್ಟಿದ್ದವು. ಊಟ ಕಡಿಮೆ ಮಾಡಿ ಎಂದೆ.

“ಇನ್ನ ಏನ್ ಕಮ್ಮಿ ಮಾಡ್ಲಿರಿ ಡಾಕ್ಟರ್ ಸಾಹೇಬ್ರ? ಊಟಕ್ಕ ಕುಂತ್ರ ಎರಡ ಜ್ವಾಳದ ಭಕ್ರಿ, ಮುಗೀತು.”

ಹಿಂದೆ ನಿಂತಿದ್ದ ಅವರ ಹೆಂಡತಿ ಗೌಡಸಾನಿ ಸೆರಗು ಸರಿಮಾಡಿಕೊಂಡು, “ಖರೇನ ಅದ ರಿ. ಕುಂತ್ರ ಎರಡ. ಉಳಿದದ್ದೆಲ್ಲಾ ನಿಂತ ತಿಂತಾರ,” ಎಂದರು.

ಆಪರೇಶನ್ನಿನ ಲಾಭ

ಮುಂಬೈಯಲ್ಲಿ ತೂಕ ಇಳಿಸುವ ಹೊಸ ಆಪರೇಶನ್ ಬಂದಿದೆ ಎಂದು ಅಲ್ಲಿದ್ದ ಗೌಡರ ಅಳಿಯ ಹೇಳಿಕಳಿಸಿದ. ಗೌಡರು ವಿಚಾರಿಸಲು ಬಂದರು. ನಾನು ಬಿಡಿಸಿ ಹೇಳಿದೆ. ಸಣ್ಣ ಕರುಳಿನ ಬಹುಭಾಗವನ್ನು ಬದಿಗೆ ಬಿಟ್ಟು ಮೇಲಿನ ತುದಿಯನ್ನು ಕೆಳಗಿನ ತುದಿಗೆ ಹೊಲಿಯುತ್ತಾರೆ. ತಿಂದದ್ದು ಮೈಗೆ ಹತ್ತುವ ಮೊದಲೇ ಹೊರಗೆ ಹೋಗುತ್ತದೆ. ಆದರೆ ಅದರೊಂದಿಗೆ ರಕ್ತಕ್ಕೆ ಬೇಕಾದ ಕಬ್ಬಿಣ, ಎಲುಬಿನ ಸುಣ್ಣ, ಕಣ್ಣಿನ ವಿಟಮಿನ್ನು ಎಲ್ಲವೂ ಹೋಗುತ್ತವೆ. ಬದುಕಿರುವತನಕ ಗುಳಿಗೆ ತಪ್ಪಿಸುವಂತಿಲ್ಲ.

ಗೌಡರು ಕಣ್ಣು ಮುಚ್ಚಿ ಭಕ್ತಿಯಿಂದ ಕೇಳಿದರು.

“ಹಂಗಾರ ಹೋಳಿಗಿ ತಿಂದ್ರೂ ಮೈಗೆ ಹತ್ತೂದಿಲ್ಲ?”

“ಹತ್ತೂದಿಲ್ಲ. ಆದ್ರ ಗೌಡ್ರ...”

“ಇಷ್ಟ ದಿನ ಇದನ್ನ ಮುಚ್ಚಿಟ್ಟಿದ್ರಲ್ರಿ,” ಎಂದು ಗೌಡರು ನೊಂದುಕೊಂಡರು.

ಸಂಯಮದ ಪಾಠ

ಆಪರೇಶನ್ ಆಗಿ ವರ್ಷ ಕಳೆಯುವುದರಲ್ಲಿ ಗೌಡರು ಅರ್ಧವಾದರು. ಸಕ್ಕರೆಯೂ ಇಳಿಯಿತು. ಊರವರ ಮುಂದೆ ಮಾತ್ರ ಆಪರೇಶನ್ನಿನ ಮಾತೇ ಇಲ್ಲ, ಎಲ್ಲವೂ ಮನೋಬಲ. ಬೋರಾಮಣಿಯ ಒಂದು ಮದುವೆಯಲ್ಲಿ ನನ್ನ ಪಂಕ್ತಿಯಲ್ಲೇ ಕೂತು, ತುಪ್ಪದಲ್ಲಿ ಮುಳುಗಿದ ಹೋಳಿಗೆ ಮುರಿಯುತ್ತ, ಪಕ್ಕದ ದಪ್ಪನೆಯ ಬೀಗರಿಗೆ ಬುದ್ಧಿ ಹೇಳುತ್ತಿದ್ದರು.

“ನಾಲಗಿ ಮ್ಯಾಲ ಹಿಡತ ಬೇಕ್ರಿ. ಮನಸು ಗಟ್ಟಿ ಇದ್ರ ದೇಹ ನಾವು ಹೇಳಿದಂಗ ಕೇಳತದ...”

ಮಾತು ಅಲ್ಲಿಗೇ ನಿಂತಿತು. ಮುಖ ಬೆವರಿತು. ಗೌಡರು ಎದ್ದವರೇ ತಂಬಿಗೆ ಹಿಡಿದು ಹೊಲದ ಕಡೆ ಓಡಿದರು. ಈ ಸಲ ದೇಹ ಹೇಳಿದ್ದನ್ನು ಅವರು ಕೇಳಬೇಕಾಯಿತು.

ಗುಳಿಗೆ ತಿಂದವರು

ಮುಂದೆ ನಾಲಗೆಯಲ್ಲಿ ಹುಣ್ಣು, ಅಂಗಾಲಲ್ಲಿ ಜೋಮು, ಬಾಚಣಿಗೆ ತುಂಬ ಕೂದಲು. ಮುಖ ಸುಣ್ಣ ಬಳಿದ ಗೋಡೆಯಂತಾಗಿತ್ತು. ಊರವರು ಯಾರದೋ ದೃಷ್ಟಿ ತಾಗಿದೆ ಎಂದರಂತೆ.

“ಗುಳಗಿ ತಗೋಳಾಕತ್ತೀರಿಲ್ಲೋ?” ಎಂದೆ.

“ಸಣ್ಣಾಗಾಕ ಹೊಟ್ಟಿ ಕೊಯ್ಸಿಕೊಂಡೀನಿ. ಮತ್ತ ತಾಕತ್ತಿನ ಗುಳಗಿ ತಿಂದು ದಪ್ಪ ಆಗ್ಲೇನ್ರಿ?”

“ಹಂಗಾರ ನಾ ಕೊಟ್ಟವೆಲ್ಲಾ ಎಲ್ಲಿ ಹೋದವು?”

ಗೌಡಸಾನಿ ನಡುವೆ ಬಾಯಿಹಾಕಿದರು. “ಚೆಲ್ಲಾಕ ಮನಸ ಬರ್ಲಿಲ್ರಿ. ಎಮ್ಮಿ ತಿನ್ನೂ ಹಿಂಡ್ಯಾಗ ಹಾಕಿದ್ವಿ. ಅದಕ್ಕ ಭಾಳ ಚೊಲೋ ಹತ್ಯಾವ್ರಿ ನಿಮ್ಮ ಗುಳಗಿ. ಒಮ್ಮಿ ನೋಡಾಕ ಬರ್ರಿ.”

ಸಂಜೆಯ ಚಹಾ

ಗೌಡರ ವಾಡೆ ಪಾಲಾಗಿ ಅರ್ಧ ತಮ್ಮನಿಗೆ ಹೋಗಿತ್ತು. ಒಂದೇ ಅಂಗಳ, ಒಂದೇ ಥರದ ಎರಡು ಬಾಗಿಲು. ಪಾಲಾದಂದಿನಿಂದ ಗೌಡಸಾನಿಗೂ ತಮ್ಮನ ಹೆಂಡತಿಯಾದ ನೆಗೆಣ್ಣಿಗೂ ಮಾತಿಲ್ಲ.

ವಿಟಮಿನ್ ಇಲ್ಲದೆ ಗೌಡರಿಗೆ ಹೊತ್ತು ಮುಳುಗಿದ ಮೇಲೆ ಕಣ್ಣು ಕಾಣದಂತಾಗಿತ್ತು. ಆದರೂ ಯಾರಿಗೂ ಹೇಳಿರಲಿಲ್ಲ. ಒಂದು ಸಂಜೆ ಗೋಡೆ ಸವರುತ್ತ ಬಂದು ತಮ್ಮನ ಬಾಗಿಲು ಹೊಕ್ಕು, ಮಂಚದ ಮೇಲೆ ಕೂತು, “ಚಹಾ ತಾ,” ಎಂದರು. ತಮ್ಮನ ಹೆಂಡತಿಗೆ ದಿಗಿಲು. ಹಿರಿಯರು ಸಿಟ್ಟು ಮರೆತು ಬಂದಿದ್ದಾರೆ ಎಂದು ಕೆನೆ, ಏಲಕ್ಕಿ, ಧಾರಾಳ ಸಕ್ಕರೆ ಹಾಕಿ ಚಹಾ ತಂದಿಟ್ಟಳು. ಸ್ವಂತ ಮನೆಯಲ್ಲಿ ವರ್ಷಗಟ್ಟಲೆ ಸಪ್ಪೆ ಚಹಾ ಕುಡಿದ ಗೌಡರು ಒಂದು ಗುಟುಕು ಹೀರಿ ಗಟ್ಟಿಯಾಗಿ ಹೇಳಿದರು:

“ಅಂತೂ ಇವತ್ತ ಚಹಾ ಮಾಡಾಕ ಕಲತಿ ನೋಡು.”

ಗೋಡೆಯ ಆಚೆ ಗೌಡಸಾನಿ ಕಪ್ಪು ಹಿಡಿದುಕೊಂಡು ಅವರ ದಾರಿ ಕಾಯುತ್ತಿದ್ದರು.

ಮರುದಿನ ಮೊದಲ ಬಸ್ಸಿಗೇ ಗಂಡನ ರಟ್ಟೆ ಹಿಡಿದು ಕರೆತಂದರು. “ಮೊದಲ ಇವರ ಕಣ್ಣ ನೋಡ್ರಿ. ಗುಳಗಿ ಕೊಡ್ರಿ, ಸೂಜಿ ಹಾಕ್ರಿ. ಹ್ಯಾಂಗ ನುಂಗೂದಿಲ್ಲ ನಾ ನೋಡತೀನಿ.” ನಾನು ವರ್ಷವೆಲ್ಲ ಹೇಳಿ ಆಗದ್ದು ನೆಗೆಣ್ಣಿಯ ಒಂದು ಕಪ್ಪು ಚಹಾದಿಂದ ಆಯಿತು.

ಕೆಲವು ತಿಂಗಳಲ್ಲಿ ಗೌಡರ ಮುಖಕ್ಕೆ ಬಣ್ಣ ಬಂತು, ಕಣ್ಣೂ ಸುಧಾರಿಸಿದವು. ಪರೀಕ್ಷೆ ಮುಗಿಸಿ ನಾನು ಖುಷಿಯಾಗಿದ್ದೆ. ಗೌಡಸಾನಿ ಔಷಧ ತರಲು ಹೊರಗೆ ಹೋದದ್ದೇ ಗೌಡರು ನನ್ನ ಕಿವಿಗೆ ಬಾಯಿ ಹಚ್ಚಿದರು.

“ಡಾಕ್ಟರ್ ಸಾಹೇಬ್ರ, ಒಂದ ಉಪಕಾರ ಮಾಡ್ರಿ. ಕಣ್ಣು ಆರಾಮಾಗ್ಯಾವ ಅಂತ ಆಕಿಗೆ ಹೇಳಬ್ಯಾಡ್ರಿ. ಸಂಜೀಮುಂದ ಇನ್ನೂ ನಮ್ಮ ಬಾಗಲಾ ಕಾಣವಲ್ದು ಅಂತನ ಇರ್ಲಿ.”