ಎರಡನೆಯ ಪುಟದ ಅತ್ತೆ

ಕಂಪ್ಯೂಟರಿನಲ್ಲಿ ಏನನ್ನಾದರೂ ಹುಡುಕಿ, ಬಂದ ಉತ್ತರಗಳನ್ನು ಎರಡನೆಯ ಪುಟದಿಂದ ಓದಲು ಶುರು ಮಾಡುವವರು ಈ ಭೂಮಿಯ ಮೇಲೆ ಒಬ್ಬರೇ ಇದ್ದಾರೆ. ಅವರು ಇಳಕಲ್ಲಿನಲ್ಲಿದ್ದಾರೆ. ನಮ್ಮ ತಂದೆಯ ಅಕ್ಕ, ನನಗೆ ಸೋದರತ್ತೆ. ಇನ್ನು ಮುಂದೆ ನಾನು ಏಕವಚನದಲ್ಲೇ ಬರೆಯುತ್ತೇನೆ. ಬಹುವಚನ ಹಚ್ಚಿದರೆ, ಇದ್ಯಾರು ಹೊಸಬಳು ನಮ್ಮ ಮನೆಗೆ ಬಂದವಳು ಎಂದು ಅವಳೇ ಕೇಳುತ್ತಾಳೆ.

ನನ್ನ ಹಣೆಬರಹ ನೋಡಿ, ನನ್ನ ಹೊಟ್ಟೆಪಾಡೇ ಮಂದಿಯ ಅಂಗಡಿಗಳನ್ನು ಮೊದಲನೆಯ ಪುಟಕ್ಕೆ ತರುವುದು! ನೀವು ‘ಒಳ್ಳೆಯ ಸೀರೆ’ ಎಂದು ಬೆರಳೊತ್ತಿದ ಕೂಡಲೇ ಸಾಲಾಗಿ ಹೆಸರು ಬರುತ್ತವಲ್ಲ, ಆ ಸಾಲಿನಲ್ಲಿ ನಮ್ಮ ಗಿರಾಕಿ ಮೇಲೆ ಇರಬೇಕು. ಇದಕ್ಕೆ ಎಸ್‌ಇಒ ಎಂದು ಹೆಸರು. ಅತ್ತೆ ಇದನ್ನು ಓಣಿಯವರಿಗೆ ತನ್ನದೇ ರೀತಿಯಲ್ಲಿ ವಿವರಿಸಿದ್ದಾಳೆ.

"ಬಸ್ ಬಂದ ಕೂಡಲೇ ಕಿಟಕ್ಯಾಗಿಂದ ಟಾವೆಲ್ ಒಗದು ಸೀಟ್ ಹಿಡೀತಾರಲ್ರಿ, ಅದ. ನಮ್ಮ ಹುಡುಗಿ ಮಂದಿ ಸಲುವಾಗಿ ಟಾವೆಲ್ ಒಗೀತಾಳ."

ಹೋದ ವರ್ಷ ಬಾಗಲಕೋಟೆಯ ಒಂದು ಕಾಲೇಜಿನವರು ನನ್ನನ್ನು ಮಾತಾಡಲು ಕರೆದಿದ್ದರು. ಕಲಿಯಬೇಕಾದ ಕೋರ್ಸುಗಳನ್ನೆಲ್ಲ ಹೇಳಿ ಮುಗಿಸಿದ ಮೇಲೆ ಒಬ್ಬ ಹುಡುಗಿ ಎದ್ದು, "ಯಾರೂ ಲೆಕ್ಕಕ್ಕ ಹಿಡಿಯಂಗಿಲ್ಲ, ಆದ್ರ ಕಲೀಲೇಬೇಕು ಅನ್ನೂದು ಏನರ ಐತೇನ್ರಿ ಮೇಡಂ?" ಎಂದಳು. ನಮ್ಮ ಅತ್ತೆಯ ಜೊತೆ ಒಮ್ಮೆ ಸಂತೆಗೆ ಹೋಗಿ ಬಾ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಪ್ರಿನ್ಸಿಪಾಲರು ಎದುರಿಗೇ ಕೂತಿದ್ದರಿಂದ ಏನೋ ಒಂದು ಇಂಗ್ಲಿಷ್ ಶಬ್ದ ಹೇಳಿ ಪಾರಾದೆ. ಅಲ್ಲಿ ನುಂಗಿದ್ದನ್ನು ಇಲ್ಲಿ ಹೇಳುತ್ತೇನೆ.

ಕೆರೂರಿನಲ್ಲಿ, ಅತ್ತೆ ಮೇಲಿಂದ ಮೇಲೆ ಹೋಗಿ ಬರುವ ನಮ್ಮ ಬಂಧುಗಳ ಮನೆಯಲ್ಲಿ ಕುಬಸದ ಕಾರ್ಯವಿತ್ತು. ಬಸುರಿ ಹೆಣ್ಣುಮಗಳಿಗೆ ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಹಾಡು ಹೇಳಿ, ಹೊಟ್ಟೆ ಬಿರಿಯುವಂತೆ ಉಣಬಡಿಸುವ ಕಾರ್ಯ. ಅವತ್ತೇ ಊರ ಸಂತೆ. ಅಡುಗೆಗೆ ಬದನೆಕಾಯಿ ಕಡಿಮೆ ಬಿದ್ದು ಅತ್ತೆ ನನ್ನನ್ನು ಎಳೆದುಕೊಂಡು ಹೊರಟಳು. ಸಂತೆಯ ಬಾಯಲ್ಲೇ ಒಬ್ಬ ಮುದುಕಿ ಎಳೆಯ ಬದನೆಕಾಯಿ ಒಟ್ಟಿಕೊಂಡು ಕೂತಿದ್ದಳು. ಅತ್ತೆ ಅತ್ತ ತಿರುಗಿಯೂ ನೋಡಲಿಲ್ಲ.

"ಅತ್ತಿ, ಇವು ಚೊಲೋ ಅದಾವಲ್ಲ?"

"ಇಕಿ ನಸುಕಿನ್ಯಾಗ ಎದ್ದು ಬಂದಾಳ, ಮುಂದಿನ ಜಾಗಾ ಸಿಕ್ಕೈತಿ. ಅಷ್ಟಕ್ಕ ಬದನಿಕಾಯಿ ಚೊಲೋ ಆಕ್ಕಾವೇನು?"

ಸಂತೆಯ ಆ ತುದಿಯವರೆಗೆ ನಡೆದೆವು. ಪ್ರತಿಯೊಬ್ಬರ ಮುಂದೆಯೂ ಕೂತು ಯಾವ ಹೊಲದ್ದು, ಯಾವಾಗ ಕಿತ್ತದ್ದು, ನಿಮ್ಮ ಸೊಸೆ ಯಾವ ಊರಿನವಳು ಎಂದೆಲ್ಲ ವಿಚಾರಣೆ ನಡೆಯಿತು. ಸೊಸೆಯ ಊರಿಗೂ ಬದನೆಕಾಯಿಗೂ ಏನು ಸಂಬಂಧವೋ ನನಗೆ ಇನ್ನೂ ತಿಳಿದಿಲ್ಲ. ಕಡೆಗೆ ತಿರುಗಿ ಬಂದು ಆ ಮೊದಲನೆಯ ಮುದುಕಿಯ ಮುಂದೆಯೇ ಕೂತಳು. ಮುದುಕಿ ಸೆರಗಿನ ಮರೆಯಿಂದ ಒಂದು ಬುಟ್ಟಿ ಮುಂದಕ್ಕೆ ತಳ್ಳಿ, "ಬರ್ರಿ ಟೀಚರ್ರ, ನಿಮ್ಮವು ಆರಿಸಿ ತಗದಿಟ್ಟೇನಿ, ಅಡ್ಡಾಡಿ ಬರ್ಲಿ ಅಂತ ಸುಮ್ನಿದ್ದೆ" ಎಂದಳು. ಗಿರಾಕಿ ದಾಟಿ ಹೋದರೂ ಕೂಗದೆ ಕೂರುವ ಆ ಮುದುಕಿಯ ತಾಳ್ಮೆ ನಮ್ಮ ಕಸುಬಿನವರಲ್ಲಿ ಒಬ್ಬರಿಗೂ ಇಲ್ಲ. ನಾವು ಸಂಜೆ ಹಾಕಿದ ಪುಟ ಬೆಳಿಗ್ಗೆ ಮೇಲೆ ಬಂದಿದೆಯೋ ಇಲ್ಲವೋ ಎಂದು ಹಲ್ಲುಜ್ಜುವ ಮೊದಲೇ ನೋಡುವ ಪೈಕಿ.

ಟೀಚರ್ರ ಎಂದದ್ದು ಯಾಕೆಂದರೆ ಅತ್ತೆ ಅಂಗನವಾಡಿಯಲ್ಲಿ ಟೀಚರ್ ಆಗಿದ್ದವಳು. ನಿವೃತ್ತಿಯಾದ ಮೇಲೆ ಇಡೀ ಇಳಕಲ್ಲನ್ನೇ ಅಂಗನವಾಡಿ ಮಾಡಿಕೊಂಡಿದ್ದಾಳೆ. ನಾನು ಹುಬ್ಬಳ್ಳಿಯ ಕಂಪನಿ ಕೆಲಸ ಬಿಟ್ಟು ಬಾಗಲಕೋಟೆಯ ನವನಗರದಲ್ಲಿ ಒಂದು ಕೋಣೆ ಹಿಡಿದು ಸ್ವಂತ ಕೆಲಸ ಶುರು ಮಾಡಿದಾಗ ಮನೆಯಲ್ಲಿ ಎಲ್ಲರೂ ಮುಖ ಊದಿಸಿಕೊಂಡಿದ್ದರು. ಒಂದು ವರ್ಷದಲ್ಲಿ ನೆಲೆ ನಿಲ್ಲದಿದ್ದರೆ ತಿರುಗಿ ಹುಬ್ಬಳ್ಳಿಗೆ ಎಂದು ಅಪ್ಪ ಮಾತು ತೆಗೆದುಕೊಂಡಿದ್ದರು. ಅತ್ತೆ ಮಾತ್ರ ತಮ್ಮನೆದುರು ಗಟ್ಟಿಯಾಗಿ ನಿಂತು, "ಟಾವೆಲ್ ಒಗ್ಯಾಕ ಹುಬ್ಬಳ್ಳಿನ ಯಾಕ ಬೇಕು? ಇಲ್ಲೇನು ಬಸ್ ಬರಂಗಿಲ್ಲೇನು?" ಎಂದಿದ್ದಳು. ಆ ಖುಷಿಗೆ ನನ್ನ ಹಳೆಯ ಲ್ಯಾಪ್‌ಟಾಪ್ ಅವಳಿಗೆ ಕೊಟ್ಟು, ಹುಡುಕುವುದು ಹೇಗೆಂದು ಕಲಿಸಿದೆ. ಮುಂದಿನ ಸಲ ಹೋದಾಗ ನೋಡುತ್ತೇನೆ, ಏನೇ ಹುಡುಕಲಿ, ಕೆಳಗಿನ ‘2’ ಎಂಬ ಅಂಕಿಯ ಮೇಲೆ ನೇರವಾಗಿ ಒತ್ತುತ್ತಿದ್ದಾಳೆ. ಸಂತೆಯ ಚಟ ಇಲ್ಲಿಗೂ ಬಂತು ಎಂದುಕೊಂಡು ನಕ್ಕು ಸುಮ್ಮನಾದೆ.

ನನ್ನ ಕಡೆಯ ಆಸೆಯೆಂದರೆ ಇಳಕಲ್ಲಿನ ಒಂದು ಸೀರೆ ಅಂಗಡಿ. ಅದರ ಸಾವಕಾರರು ಒಳ್ಳೆಯವರು, ಆದರೆ ಮಾತು ಬಡಿಗೆಯಂಥದು. ನಾನು ಕಟ್ಟಿಕೊಟ್ಟ ವೆಬ್‌ಸೈಟಿನಿಂದ ತಿಂಗಳುಗಟ್ಟಲೆ ಯಾರೂ ಫೋನ್ ಮಾಡದಿದ್ದಾಗ, "ದೀಪಾವಳಿ ತನಕ ನೋಡೂಣ್ರಿ ತಂಗಿ, ಆಮ್ಯಾಲ ಬಂದ್ ಮಾಡಿ ಬಿಡೂಣು" ಎಂದುಬಿಟ್ಟರು. ಅಪ್ಪನ ವರ್ಷವೂ ದೀಪಾವಳಿಗೇ ಮುಗಿಯುತ್ತಿತ್ತು. ಈ ಅಂಗಡಿ ಹೋದರೆ ನನ್ನ ಕೋಣೆಯೂ ಹೋದಂತೆ.

ಅತ್ತೆಗೆ ಆ ವೆಬ್‌ಸೈಟ್ ತೋರಿಸಿದೆ. ಕನ್ನಡಕ ಹಾಕಿಕೊಂಡು ‘ಪರಂಪರೆಯ ಹೆಮ್ಮೆ, ನೇಯ್ಗೆಯ ವೈಭವ, ಇಳಕಲ್ ಸೀರೆ, ಅಪ್ಪಟ ಇಳಕಲ್ ಸೀರೆ, ಇಳಕಲ್ಲಿನ ಇಳಕಲ್ ಸೀರೆ’ ಎಂದು ಜೋರಾಗಿ ಓದಿದಳು.

"ಇದೇನು ಜಪಾ ಮಾಡಾಕತ್ತೀ? ನಡಿ, ಅಂಗಡಿಗೆ ಹೋಗೂಣು."

ಹೋಗಿ ಗಾದಿಯ ಮೂಲೆಯಲ್ಲಿ ಕೂತಳು. ಬಂದವರಿಗೆಲ್ಲ ಒಂದೇ ಪ್ರಶ್ನೆ, "ಯಾಕ ಬೇಕ್ರಿ ಸೀರಿ?" ಸೀರೆ ಅಂಗಡಿಗೆ ಬಂದವರನ್ನು ಸೀರೆ ಯಾಕೆ ಎಂದು ಕೇಳುವುದೇ? ಸಾವಕಾರರು ಗಿಣ್ಣು ತಿನ್ನಲು ಹೋಗಿ ಬೇವಿನ ಕಷಾಯ ಕುಡಿದವರಂತೆ ಮುಖ ಮಾಡಿದರು. ಹುನಗುಂದದ ಕಡೆಯ ಒಬ್ಬ ಗಂಡಸು ಬಂದು, ಒಂದು ಚೊಲೋ ಸೀರೆ ತೋರಿಸಿ ಎಂದ. ಅತ್ತೆಯ ಪ್ರಶ್ನೆಗೆ ತಲೆ ಕೆರೆದುಕೊಂಡು, "ಮನ್ಯಾಗ ಆಕಿ ಸಿಟ್ಟಾಗ್ಯಾಳ್ರಿ" ಎಂದ.

"ಹಂಗಾರ ಇವತ್ತ ಸೀರಿ ಬ್ಯಾಡ. ಮದಲ ಮನಿಗೆ ಹೋಗಿ ಮಾತಾಡು. ನಾಳೆ ಇಬ್ಬರೂ ಕೂಡಿ ಬರ್ರಿ."

ಅವನು ತಲೆಯಾಡಿಸಿ ಎದ್ದು ಹೋದ. ಸಾವಕಾರರು ಎದ್ದು ನಿಂತರು. "ಟೀಚರ್ರ, ನಾ ಅಂಗಡಿ ಇಟ್ಟೇನ್ರಿ, ಪಂಚಾಯ್ತಿ ಕಟ್ಟಿ ಅಲ್ಲ."

ಮರುದಿನ ಅವನು ಹೆಂಡತಿಯನ್ನು ಕರೆದುಕೊಂಡು ಬಂದ. ಒಂದರ ಬದಲು ಎರಡು ಸೀರೆ ಹೋದವು. ಎರಡನೆಯದು ಅವನ ಅತ್ತೆಗಂತೆ. ಆಮೇಲೆ ಸಾವಕಾರರೇ ನಮ್ಮ ಅತ್ತೆಗೆ ಚಹಾ ತರಿಸತೊಡಗಿದರು.

ನಾನು ಪಕ್ಕದಲ್ಲಿ ಕೂತು ಕೇಳುತ್ತಿದ್ದೆ. ಕುಬಸಕ್ಕೆ ಹಸಿರು ಬೇಕು, ಆದರೆ ಯಾವ ಹಸಿರು? ಪಂಚಮಿಗೆ ತವರಿಗೆ ಬರುವ ತಂಗಿಗೆ ಯಾವುದು ಹೊಂದುತ್ತದೆ? ಅವ್ವ ಕಚ್ಚೆ ಹಾಕಿ ಉಡುವವಳು, ಅವಳಿಗೆ ಆಗುವಷ್ಟು ಉದ್ದದ್ದು ಇದೆಯೇ? ಇಡೀ ವಾರದಲ್ಲಿ ಒಬ್ಬರಾದರೂ ವೈಭವ ಕೊಡಿ ಎಂದು ಕೇಳಲಿಲ್ಲ. ನಾನು ಕೋಣೆಗೆ ಬಂದು ಹಳೆಯದನ್ನೆಲ್ಲ ಅಳಿಸಿ, ಅವರು ಕೇಳಿದ್ದನ್ನು ಅವರು ಕೇಳಿದಂತೆಯೇ ಬರೆದು ಉತ್ತರ ಕೊಟ್ಟೆ. ‘ಸಿಟ್ಟಾದ ಹೆಂಡತಿಗೆ’ ಎಂದು ಒಂದು ಪುಟ ಇರಲೇಬೇಕೆಂದು ಅತ್ತೆ ಹಟ ಹಿಡಿದಳು. ಮಂದಿ ನಗುತ್ತಾರೆ ಎಂದರೂ ಬಿಡಲಿಲ್ಲ. ಇವತ್ತಿಗೂ ಹೆಚ್ಚು ಜನ ಬರುವುದು ಆ ಪುಟಕ್ಕೇ. ನಾಡಿನಲ್ಲಿ ಯಾವ ಹಬ್ಬಕ್ಕೆ ಹೆಚ್ಚು ಜಗಳವಾಗುತ್ತದೆಂದು ಈಗ ನನಗೆ ಕುಳಿತಲ್ಲೇ ಗೊತ್ತಾಗುತ್ತದೆ.

ಅತ್ತೆಯ ಇನ್ನೊಂದು ಜಗಳ ಖಣದ್ದು. ಸಾವಕಾರರು ಖಣ, ಅಂದರೆ ರವಿಕೆಯ ಬಟ್ಟೆ, ಮಾರುವುದಿಲ್ಲ. ಯಾರಾದರೂ ಕೇಳಿದರೆ, "ಗುಳೇದಗುಡ್ಡದವರ ಅಂಗಡಿ ಎದುರಿಗೈತಿ, ನನ್ನ ಹೆಸರ ಹೇಳ್ರಿ" ಎಂದು ಕಳಿಸುತ್ತಾರೆ. ಅವರೂ ಸೀರೆ ಕೇಳಿದವರನ್ನು ಇತ್ತ ಕಳಿಸುತ್ತಾರೆ. ಪೇಟೆಯಲ್ಲಿ ಇದು ಅಪ್ಪಂದಿರ ಕಾಲದಿಂದ ನಡೆದ ರೀತಿ. "ಪ್ಯಾಟ್ಯಾಗ ಹೇಳ್ತೀರಿ, ಕಂಪ್ಯೂಟರಿನ್ಯಾಗ ಯಾಕ ಹೇಳಂಗಿಲ್ಲ? ಅಲ್ಲೇನು ನಾಚಿಕಿ?" ಎಂದಳು ಅತ್ತೆ. ಖಣ ನಮ್ಮಲ್ಲಿಲ್ಲ, ಅವರಲ್ಲಿ ಕೇಳಿ ಎಂದು ಬರೆದೆವು. ಅವರೂ ತಮ್ಮ ಪುಟದಲ್ಲಿ ನಮ್ಮ ಹೆಸರು ಬರೆದರು. ಬೇರೆಯವರ ಪುಟದಲ್ಲಿ ಹೆಸರು ಬಂದಷ್ಟೂ ಸಾಲಿನಲ್ಲಿ ಮೇಲೇರುತ್ತೇವೆ; ಇಂಥ ಒಂದು ಹೆಸರು ಹೇಳಿಸಿಕೊಳ್ಳಲು ನಮ್ಮ ಕಸುಬಿನವರು ಗೊತ್ತಿಲ್ಲದವರಿಗೆಲ್ಲ ಮೇಲ್ ಕಳಿಸಿ ಕೈಮುಗಿಯುತ್ತಾರೆ.

ದೀಪಾವಳಿಗೆ ಮುಂಚೆ ಸಾವಕಾರರ ಫೋನ್ ಬಂತು. ಎದ್ದು ನಿಂತೇ ಎತ್ತಿದೆ.

"ತಂಗಿ, ಫೋನ್ ಮ್ಯಾಲ ಫೋನ್ ಬರಾಕತ್ತಾವ್ರಿ. ಧಾರವಾಡದಾಕಿ, ಸೋಲಾಪುರದಾಕಿ. ಸೀರಿ ಯಾಕ ಬೇಕು ಅಂತ ನಾ ಕೇಳೂಕಿಂತ ಮದಲ ತಾವ ಹೇಳ್ತಾರ." ಆಮೇಲೆ, "ಬರೂ ಪಂಚಮಿಗೆ ಏನ ಬರೀತೀರಿ?" ಎಂದರು.

ಬಂದ್ ಮಾಡುವ ಮಾತು ಅಲ್ಲಿಗೆ ಮುಗಿಯಿತು. ಅಪ್ಪ ಹುಬ್ಬಳ್ಳಿಯ ಹೆಸರೆತ್ತಲಿಲ್ಲ. ಆ ದೀಪಾವಳಿಯಷ್ಟು ಹಗುರಾಗಿ ನಾನು ಯಾವ ಹಬ್ಬವನ್ನೂ ಮಾಡಿಲ್ಲ. ಅಂಗಡಿ ಮೊದಲನೆಯ ಪುಟಕ್ಕೆ ಬಂತೆಂದು ಅತ್ತೆಗೆ ಹೇಳಿದರೆ, "ಚೊಲೋ ಆತು ಬಿಡು. ಆದ್ರ ನಾ ಆ ಕಡೆ ಹೋಗಂಗಿಲ್ಲ" ಎಂದಳು.

ಹಬ್ಬ ಕಳೆದು ಕೆಲವು ದಿನಗಳಾಗಿದ್ದವು. ಬೆಳಿಗ್ಗೆ ಕದ ತೆರೆದರೆ ಹೊರಗೆ ಅತ್ತೆ! ಬಗಲಲ್ಲಿ ಕೈಚೀಲ, ಚೀಲದಲ್ಲಿ ರೊಟ್ಟಿಯ ಗಂಟು, ಶೇಂಗಾ ಚಟ್ನಿ, ಅಮೀನಗಡದಲ್ಲಿ ಬಸ್ಸಿನಿಂದಲೇ ಕೈಚಾಚಿ ಕೊಂಡ ಕರದಂಟು. ಹುನಗುಂದ, ಕಮತಗಿ ದಾಟಿ ಮೊದಲನೆಯ ಬಸ್ಸಿಗೇ ಬಂದಿದ್ದಾಳೆ. ಮೊದಲನೆಯದು ಯಾವುದನ್ನೂ ಮುಟ್ಟದ ಅತ್ತೆ! ಒಳಗೆ ಬಂದವಳೇ ಮೇಜು, ಕುರ್ಚಿ, ಕಂಪ್ಯೂಟರ್ ಎಲ್ಲ ಇದ್ದಲ್ಲೇ ಇವೆಯೇ ಎಂದು ನೋಡಿದಳು.

"ಖರೆ ಹೇಳು. ಕೆಲಸ ಬಂದ್ ಮಾಡಿದೇನು?"

"ಇಲ್ಲ ಅತ್ತಿ. ಯಾರ ಹೇಳಿದ್ರು?"

"ಯಾರರ ಯಾಕ ಹೇಳ್ಬೇಕು? ಎರಡನೇ ಪುಟದಾಗ ನೀ ಇಲ್ಲ."

ನನಗೆ ತಲೆಬುಡ ತಿಳಿಯಲಿಲ್ಲ. ಅತ್ತೆ ಕುರ್ಚಿಯ ಅಂಚಿನಲ್ಲಿ ಕೂತು ಹೇಳಿದಳು. ಲ್ಯಾಪ್‌ಟಾಪ್ ಕೊಟ್ಟ ದಿನದಿಂದ ಬೆಳಗಿನ ಚಹಾ ಆದ ಮೇಲೆ ಅವಳು ಮೊದಲು ಹುಡುಕುವುದು ನನ್ನ ಹೆಸರನ್ನು, ಪಕ್ಕದಲ್ಲಿ ಬಾಗಲಕೋಟೆ ಎಂದು ಸೇರಿಸಿ. ನನ್ನ ಹೆಸರಿನವರು ಈ ಕಡೆ ರಾಶಿ ರಾಶಿ. ಮೊದಲನೆಯ ಪುಟದಲ್ಲಿ ಒಬ್ಬಳು ಹಲ್ಲಿನ ಡಾಕ್ಟರು, ಒಬ್ಬಳು ವಾಲಿಬಾಲ್ ಆಡುವವಳು, ಇನ್ನೂ ಯಾರು ಯಾರೋ. ನಾನು ಕೆಲಸ ಶುರು ಮಾಡುವಾಗ ಅವಸರದಲ್ಲಿ ಮಾಡಿಟ್ಟು ಮರೆತ ನನ್ನ ಪುಟ ಎರಡನೆಯದರಲ್ಲಿ ಇತ್ತು.

"ಆ ಮಂದೀನ ತಗೊಂಡು ನಾ ಏನ ಮಾಡ್ಲಿ? ನಮ್ಮಾಕಿ, ನೀ, ಎರಡನೇ ಪುಟದಾಗ ಇದ್ದಿ. ಅದಕ್ಕ ಮದಲ ಅಲ್ಲೇ ಹೊಕ್ಕಿದ್ದೆ. ಎಲ್ಲಾದಕ್ಕೂ ಅದ ರೂಢಿ ಆತು. ನಿನ್ನಿ ನೋಡಿದ್ರ ಇಲ್ಲ. ಮೂರನೇದ್ರಾಗ ನೋಡಿದೆ, ನಾಕನೇದ್ರಾಗ ನೋಡಿದೆ."

"ಒಂದು ಫೋನ್ ಮಾಡಬಾರದಿತ್ತಾ ಅತ್ತಿ?"

"ಫೋನಿನ್ಯಾಗ ನೀ ಎಲ್ಲಾ ಆರಾಮ ಅಂತೀ."

ನಾನು ನನ್ನ ಹೆಸರು ಹುಡುಕಿದೆ. ಮೊದಲನೆಯ ಪುಟದಲ್ಲಿ, ಹಲ್ಲಿನ ಡಾಕ್ಟರಿಗಿಂತ ಮೇಲೆ ನಾನಿದ್ದೆ. ಸಾವಕಾರರೂ ಖಣದವರೂ ತಮ್ಮ ಪುಟಗಳ ಕೆಳಗೆ, ವೆಬ್‌ಸೈಟ್ ಬೇಕಾದರೆ ಇವರನ್ನು ಕೇಳಿ ಎಂದು ನನ್ನ ಹೆಸರನ್ನು, ನನಗೆ ಹೇಳದೆಯೇ, ಅಂಗಡಿಯ ಹುಡುಗರಿಂದ ಬರೆಸಿದ್ದರು. ಪೇಟೆಯ ರೀತಿ ನನಗೂ ಬಂದು ಮುಟ್ಟಿತ್ತು. ಅತ್ತೆ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು. ನನ್ನ ಹೆಸರಿನ ಮೇಲೆ ಬೆರಳಿಟ್ಟಳು.

"ಇಲ್ಲಿ ಕುಂತೀಯೇನು" ಎಂದಳು ಮೆಲ್ಲಗೆ. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಜಾಗಾ ಬದಲು ಮಾಡೂ ಮುಂದ ಒಂದ ಮಾತು ಹೇಳಬಾರದ?" ಎಂದು ಬೈದಳು.

ಮಂದಿ ಏನು ಹುಡುಕುತ್ತಾರೆ ಎಂದು ತಿಳಿಯುವುದೇ ನನ್ನ ಕೆಲಸ. ನನ್ನನ್ನು ಒಬ್ಬಳು ದಿನಾ ಹುಡುಕುತ್ತಿದ್ದಳೆಂದು ನನಗೆ ಗೊತ್ತೇ ಇರಲಿಲ್ಲ. ರೊಟ್ಟಿಯ ಗಂಟು ಬಿಚ್ಚುವ ನೆಪದಲ್ಲಿ ನಾನೂ ಮುಖ ತಿರುಗಿಸಿದೆ.

ಉಳಿದದ್ದಕ್ಕೆಲ್ಲ ಅತ್ತೆ ಈಗಲೂ ಎರಡನೆಯ ಪುಟದವಳೇ. ನನ್ನ ಹೆಸರಿಗೆ ಮಾತ್ರ ಮೊದಲನೆಯದನ್ನು ತೆಗೆಯುತ್ತಾಳೆ. ಚಹಾ ಆದ ಮೇಲೆ ಇಳಕಲ್ಲಿನಿಂದ ಫೋನ್ ಬರುತ್ತದೆ. "ನೀ ಇಲ್ಲೇ ಅದೀ" ಎನ್ನುತ್ತಾಳೆ, ಇಟ್ಟುಬಿಡುತ್ತಾಳೆ.