ಹುಲಿಗೆ ‘ಸರಿ ಅತ್ಲಾಗ’ ಎನ್ನುವ ಭಾವ

ನಮ್ಮ ಭಾವನಿಗೆ ಹುಲಿ ಕಂಡರೆ ಸಿಟ್ಟು. ಕಾಡಿನ ಹುಲಿಯಲ್ಲ, ಟಿ.ವಿ.ಯ ಹುಲಿ! ಅದು ಗಂಭೀರವಾಗಿ ಹೆಜ್ಜೆ ಹಾಕುತ್ತ ಪರದೆಯ ತುಂಬ ಬಂದು ನಿಂತರೆ, ಇವರು ಸೋಫಾದಿಂದ ಕತ್ತು ಚಾಚಿ, “ಸರಿ ಅತ್ಲಾಗ! ಹಿಂದ ಮನಶ್ಯಾ ಅದಾನ, ಕಾಣವಲ್ದು” ಎಂದು ಗದರುತ್ತಾರೆ.

ದಾಂಡೇಲಿ ಕಾಡಿನಲ್ಲಿ ಮೂವತ್ತು ವರ್ಷ ಜೀಪು ಓಡಿಸಿದವರು. ಅಕ್ಕ ತೀರಿಕೊಂಡ ಮೇಲೆ ಪರದೇಶದಲ್ಲಿ, ಮಿಲ್ಟನ್ ಊರಿನಲ್ಲಿರುವ ನಮ್ಮ ಮನೆಯ ಬೇಸ್‌ಮೆಂಟಿಗೆ ಬಂದರು. ನಾವು ಕೆಲಸಕ್ಕೆ, ಮಗಳು ಶಾಲೆಗೆ. ಇವರು ಬೆಳಗಿನಿಂದ ಸಂಜೆಯವರೆಗೆ ಒಬ್ಬರೇ ಪ್ರಾಣಿಗಳ ಸಾಕ್ಷ್ಯಚಿತ್ರದ ಮುಂದೆ. ನೋಡುವುದು ಮಾತ್ರ ಮನುಷ್ಯರನ್ನು! ನೋಟ್‌ಬುಕ್ಕಿನಲ್ಲಿ ಗೆರೆ ಹೊಡೆದು ಪರೀಕ್ಷೆ: ಮಾತಾಡಿದವರು ಯಾರು, ಪೆಟ್ಟಿಗೆ ಹೊತ್ತವರು ಯಾರು, ಯಾರ ಮುಖದ ಕೆಳಗೆ ಹೆಸರು ಬಂತು. ಹತ್ತಕ್ಕೆ ಎರಡು ಅಂಕ ದಾಟಿದ ಚಿತ್ರವನ್ನು ನಾನು ಕಂಡಿಲ್ಲ.

ಒಮ್ಮೆ ಹಿಮಕರಡಿಯ ಚಿತ್ರ. “ಕರಡಿಗೆ ಹೆಸರಿಟ್ಟಾರ, ಅದರ ಎರಡೂ ಮರಿಗೂ ಇಟ್ಟಾರ. ದೋಣಿ ನಡಸಾಂವಗ ಇಲ್ಲ!”

“ಮಾಮಾ, ಇಟ್ಸ್ ಅಬೌಟ್ ದ ಬೇರ್ಸ್!” ಎಂದಳು ಮಗಳು.

“ಹಂಗಾರ ದೋಣಿ ಕರಡಿ ನಡಸ್ತೈತೇನವಾ?”

ಮಗಳು ಮೆಟ್ಟಿಲೇರಿದಳು. ಕರಡಿ ನೀರಿಗಿಳಿಯಿತು.

ಯುಗಾದಿ ಊಟಕ್ಕೆ ಇಲ್ಲಿನದೇ ಇನ್ನೊಂದು ಊರಾದ ಯೂನಿಯನ್‌ವಿಲ್‌ನಿಂದ ಬಂದಿದ್ದ ಬೆಂಗಳೂರಿನ ಗೆಳೆಯರೊಬ್ಬರು ಸಮಾಧಾನ ಹೇಳಲು ಹೋದರು. “ಅಂಕಲ್, ಈಗ ಎಷ್ಟೋ ಇಂಪ್ರೂವ್ ಆಗಿದೆ. ಡೈವರ್ಸಿಟಿ ನೋಡಿ, ಎಲ್ಲಾ ಬಣ್ಣದವರೂ ಇದ್ದಾರಲ್ಲ!”

“ಬಣ್ಣ ನೋಡೀನ್ರೀ. ಹೆಸರೆಲ್ಲೈತಿ? ನಿಮ್ಮನ್ನ ಆಫೀಸಿನಾಗ ‘ಸ್ಥಳೀಯ ಇಂಜಿನಿಯರ್’ ಅಂತ ಕರದ್ರ ಓ ಅಂತೀರೇನು?”

ಪಾಪ, ಅವರು ಎರಡನೆಯ ಹೋಳಿಗೆಯನ್ನು ಕೈಯಲ್ಲೇ ಹಿಡಿದು ಹೊರಟರು!

ಇದನ್ನೆಲ್ಲ ನಾನು ನಗುತ್ತ ಹೇಳುತ್ತಿದ್ದೆ, ಕಳೆದ ಶನಿವಾರದವರೆಗೆ.

ಅಂದು ಮಧ್ಯಾಹ್ನ ಚಹಾ ಹಿಡಿದು ಕೆಳಗಿಳಿದೆ. ಚಿತ್ರವನ್ನು ನಿಲ್ಲಿಸಿ ಭಾವ ಪರದೆಯ ಪಕ್ಕದಲ್ಲೇ ನಿಂತಿದ್ದರು. ಹಳೆಯ, ಮಸುಕಾದ ಚಿತ್ರ. ಕೆಂಪು ಮಣ್ಣಿನ ದಾರಿ, ದೂರದಲ್ಲಿ ಕಾಡುಕೋಣ, ಈಚೆ ಜೀಪಿನ ಸ್ಟಿಯರಿಂಗು, ಅದರ ಮೇಲೊಂದು ಕೈ. ಮಣಿಕಟ್ಟಿನಲ್ಲಿ ಕೆಂಪು ದಾರ. ಕೆಳಗೆ ಇಂಗ್ಲಿಷಿನಲ್ಲಿ ಎರಡೇ ಪದ: ಸ್ಥಳೀಯ ಚಾಲಕ.

“ನಂದಪಾ ಕೈ. ದಾರ ನಿಮ್ಮಕ್ಕ ಕಟ್ಟಿದ್ದು. ಏಳು ತಿಂಗಳಾತು, ಇದನ್ನ ಹುಡುಕಾಕ ಹತ್ತಿ.”

ಚಹಾ ಕೆಳಗಿಟ್ಟು ಅವರ ಪಕ್ಕ ಹೋಗಿ ನಿಂತೆ.

“ಗಂಡನ ಹೆಸರು ಹೇಳಬಾರದಲ್ಲ, ಅಕಿ ಒಡಪಿನಾಗಷ್ಟ ಹೇಳ್ತಿದ್ಲು. ಹಬ್ಬಕ್ಕೊಮ್ಮೆ. ಈಗ ನೀ ಭಾವ ಅಂತಿ, ನಿನ್ನ ಮಗಳು ಮಾಮಾ, ಉಳಿದವ್ರು ಅಂಕಲ್. ನನ್ನ ಹೆಸರು ನಾ ಕೇಳಿ ಒಂದೂವರಿ ವರ್ಷ ಆತು.”

ಅಕ್ಕನ ಮದುವೆಯ ಒಡಪು, ಗಂಡನ ಹೆಸರು ಸೇರಿಸಿ ಹೇಳುವ ಪ್ರಾಸದ ಸಾಲು, ನನಗೆ ನೆನಪಿದೆ. ಗಂಡನ ಹೆಸರು ಬರುವಲ್ಲಿ ಅವಳ ದನಿ ಗಂಟಲಲ್ಲೇ ಉಳಿದಿತ್ತು. ಹೆಂಗಸರೆಲ್ಲ ಕೂಗಿದ್ದರು: “ಜೋರಾಗಿ ಹೇಳವಾ, ಹಿಂದ ಕೂತವ್ರಿಗೆ ಕೇಳಸಲಿಲ್ಲ!”

ಭಾವನನ್ನು ಹೆಸರು ಹಿಡಿದು ಕರೆಯುವುದು ಹೇಗೆ? ಕೊನೆಗೆ ಪರದೆಯತ್ತ ತಿರುಗಿ, ಚಿತ್ರದ ನಿರೂಪಕನ ಹಾಗೆ ಹೇಳಿದೆ: “ಜೀಪು ನಡೆಸುತ್ತಿರುವವರು ಈರಪ್ಪ ಗಂಗಪ್ಪ ಹೊಸಮನಿ.”

ಭಾವ ಕಣ್ಣು ಮುಚ್ಚಿದರು. ಬೇಸ್‌ಮೆಂಟಿನಲ್ಲಿ ನಾವಿಬ್ಬರೇ ಇದ್ದೆವು.

“ಜೋರಾಗಿ ಹೇಳಪಾ,” ಎಂದರು. “ಹಿಂದ ಕೂತವ್ರಿಗೆ ಕೇಳಸಲಿಲ್ಲ.”