ಒಂದು ವಾರಕ್ಕೆ ಏಳು ಯುಗಾದಿ

ಬಹಳ ಬಹಳ ಹಿಂದೆ, ಅಂದರೆ "ಸಾಲ ಬೇಕೇ ಸಾರ್" ಎಂದು ಯಾರೂ ಯಾರಿಗೂ ಫೋನು ಮಾಡದಿದ್ದ ಕಾಲದಲ್ಲಿ, ಕಮಾನುಪುರ ಎಂಬ ರಾಜ್ಯವೊಂದಿತ್ತು. ಓದುಗ ಮಹಾಶಯರು ನಕ್ಷೆಯಲ್ಲಿ ಹುಡುಕಲು ಹೋಗಬಾರದು. ಸಿಕ್ಕಿಬಿಟ್ಟರೆ ತೊಂದರೆ ನನಗೆ.

ಆ ರಾಜ್ಯದ ರಾಜಧಾನಿಯಲ್ಲಿ ಹಪ್ಪಳದ ದೇವೀರಮ್ಮ ಇದ್ದಳು. ಒಂದು ಕಾಲಕ್ಕೆ ಅವಳಿಗೆ ಸ್ವಂತ ಮನೆಯಿತ್ತು, ಮನೆಯ ಮೇಲೆ ಬಿಸಿಲು ಚೆನ್ನಾಗಿ ಬೀಳುವ ಮಾಳಿಗೆಯಿತ್ತು. ಶ್ರೀಮನ್ಮಹಾರಾಜ ಪ್ರಚಂಡಕೀರ್ತಿಯವರ ಪಟ್ಟಾಭಿಷೇಕದ ಊಟಕ್ಕೆ ಅರಮನೆ ಅವಳಿಂದ ಹತ್ತು ಸಾವಿರ ಹಪ್ಪಳ ಉದ್ದರಿ ತರಿಸಿತು. ಹಣ ಕೇಳಿದಾಗಲೆಲ್ಲ "ಕಡತ ಪ್ರಕ್ರಿಯೆಯಲ್ಲಿದೆ" ಎಂಬ ಉತ್ತರ ಬರುತ್ತಿತ್ತು. ಉದ್ದಿನಬೇಳೆ ಅಂಗಡಿಯವನು ಆ ಉತ್ತರವನ್ನು ನಾಣ್ಯವೆಂದು ಒಪ್ಪಲಿಲ್ಲ. ದೇವೀರಮ್ಮ ದಿವಾಳಿಯಾದಳು. ಮನೆ ಹೋಯಿತು, ಮಾಳಿಗೆಯೂ ಹೋಯಿತು. ಆನೆಲಾಯದ ಪಕ್ಕದ ಬಾಡಿಗೆ ಕೋಣೆಯಲ್ಲಿದ್ದುಕೊಂಡು, ಹೊಸ್ತಿಲ ಮುಂದಿನ ಮೊಳದಷ್ಟು ಬಿಸಿಲಿನಲ್ಲಿ ದಿನಕ್ಕೆ ಅರವತ್ತೇ ಹಪ್ಪಳ ಒಣಗಿಸುತ್ತಿದ್ದಳು.

ಕಮಾನುಪುರದ ಕಾನೂನು ಬಲು ಬಿಗಿ. ದಿವಾಳಿಯಾದವರು ಮತ್ತೆ ಮನೆಸಾಲ ಪಡೆಯಬೇಕಾದರೆ ಏಳು ಯುಗಾದಿ ಕಾಯಬೇಕು. ಪ್ರತಿ ಯುಗಾದಿಯಂದೂ ಸಾಲದ ಕಚೇರಿಗೆ ಹೋಗಿ, ಶಿರಸ್ತೇದಾರರ ಎದುರಿನಲ್ಲಿ ಬೆಲ್ಲವಿಲ್ಲದ ಬೇವು ತಿಂದು, ಚೀಟಿಗೆ ಮುದ್ರೆ ಒತ್ತಿಸಿಕೊಳ್ಳಬೇಕು. ಮುಖ ಕಿವಿಚಿದರೆ ಆ ವರ್ಷ ಲೆಕ್ಕಕ್ಕಿಲ್ಲ. ದೇವೀರಮ್ಮ ಮುಖ ಕಿವಿಚದೆ ಆರು ಬೇವು ತಿಂದಿದ್ದಳು. ಸಾಲ ಪಡೆಯುವವರು ಕೈಯಿಂದ ಹಾಕಬೇಕಾದ ಪಾಲಿಗೆಂದು ನಲವತ್ತು ವರಹವನ್ನು ಬೇಳೆ ಡಬ್ಬಿಯಲ್ಲಿ ಕೂಡಿಟ್ಟಿದ್ದಳು. ಇನ್ನೊಂದೇ ಯುಗಾದಿ, ಆಮೇಲೆ ಮಾಳಿಗೆ.

ಅಷ್ಟರಲ್ಲಿ ಮಹಾರಾಜರೇ ದಿವಾಳಿಯಾದರು. ತಮ್ಮನ್ನು ತಾವೇ ಸ್ವಾಗತಿಸಿಕೊಳ್ಳಲು ರಾಜ್ಯದ ಎಲ್ಲ ರಸ್ತೆಗಳಿಗೂ ಕಮಾನು ಕಟ್ಟಿಸಿದ್ದರು. ರಸ್ತೆಗಳು ಮುಗಿದ ಮೇಲೂ ಕಮಾನುಗಳು ಮುಂದುವರಿದಿದ್ದವು. ಪರದೇಶದ ಸಾಹುಕಾರರು ಅರಮನೆ ಹರಾಜು ಹಾಕಿದರು. ಪ್ರಭುಗಳು ಆನೆಲಾಯಕ್ಕೆ ಬಿಜಯಂಗೈದರು. ಆನೆ ಆಗಲೇ ಮಾರಾಟವಾಗಿತ್ತು. ಗೋಡೆ ತೆಳ್ಳಗಿದ್ದುದರಿಂದ ಅಂದಿನಿಂದ ರಾಜ್ಯಾಡಳಿತವೆಲ್ಲ ದೇವೀರಮ್ಮನಿಗೆ ಕೇಳಿಸತೊಡಗಿತು.

"ಎಲೈ ತಥಾಸ್ತುರಾಯನೇ, ನಾವು ಇನ್ನೆಷ್ಟು ದಿನ ಈ ಹುಲ್ಲಿನ ಮೇಲೆ ಪವಡಿಸುವುದು?"

"ಮಹಾಪ್ರಭು, ತಾವಿದ್ದಲ್ಲಿಯೇ ಅರಮನೆ," ಎಂದ ಮಹಾಮಂತ್ರಿ ತಥಾಸ್ತುರಾಯ. "ವಾಸನೆಯ ವಿಚಾರವನ್ನು ತಾಂತ್ರಿಕ ಸಮಿತಿಗೆ ಒಪ್ಪಿಸಿದ್ದೇನೆ."

"ಹೊಸ ಅರಮನೆಗೆ ಸಾಲ?"

"ಸಾಹುಕಾರರು ನಮ್ಮ ಕಾನೂನನ್ನೇ ನಮಗೆ ಓದಿ ತೋರಿಸುತ್ತಾರೆ ಪ್ರಭು. ಏಳು ಯುಗಾದಿ, ಏಳು ಬೇವು."

"ಏಳು ವರ್ಷ ಕಾಯುವುದು ನಮ್ಮ ಜಾಯಮಾನವಲ್ಲ."

"ವರ್ಷವೇಕೆ ಪ್ರಭು? ಕಾನೂನಿನಲ್ಲಿ ಯುಗಾದಿ ಎಂದಿದೆ. ಪಂಚಾಂಗ ತಮ್ಮದೇ ಇಲಾಖೆ!"

ಮರುದಿನ ಡಂಗುರವಾಯಿತು. 'ತ್ವರಿತ ಸಂವತ್ಸರ ಯೋಜನೆ'ಯಡಿ ಸೋಮವಾರದಿಂದ ಭಾನುವಾರದವರೆಗೆ ಪ್ರತಿದಿನವೂ ಯುಗಾದಿ. ಪ್ರಜೆಗಳ ನಾಲಿಗೆಯೇ ಪ್ರಭುಗಳ ನಾಲಿಗೆಯಾದ್ದರಿಂದ ರಾಜರ ಪಾಲಿನ ಬೇವನ್ನು ಪ್ರಜೆಗಳೇ ತಿಂದು ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತತಕ್ಕದ್ದು. ಸಮತೋಲನಕ್ಕಾಗಿ ಬೆಲ್ಲವನ್ನು ಪ್ರಭುಗಳು ಸ್ವೀಕರಿಸುವರು.

ದೇವೀರಮ್ಮನಿಗೆ ಹಿಗ್ಗೋ ಹಿಗ್ಗು. ಸೋಮವಾರ ಬೆಳಿಗ್ಗೆಯೇ ಕಚೇರಿಗೆ ಹೋಗಿ ತನ್ನ ಬೇವನ್ನೂ ತಿಂದಳು, ರಾಜನ ಬೇವನ್ನೂ ತಿಂದಳು, ಹೆಬ್ಬೆಟ್ಟೂ ಒತ್ತಿದಳು. ಶಿರಸ್ತೇದಾರ ರಂಗೋಜಿರಾಯರು ಏಳನೆಯ ಮುದ್ರೆ ಒತ್ತಿದರು.

"ಸಾಲಕ್ಕೆ ತಾತ್ವಿಕ ಒಪ್ಪಿಗೆ ಸಿಕ್ತು ದೇವೀರಮ್ಮ. ನಾಳೆ ಬಂದು ದುಡ್ಡು ತಗೊಂಡು ಹೋಗು."

"ನಿಮ್ಮ ಹೊಟ್ಟೆ ತಣ್ಣಗಿರ್ಲಿ ಬುದ್ಧಿ," ಎಂದು ಕೈಮುಗಿದು ಬಂದಳು. ದಾರಿಯುದ್ದಕ್ಕೂ ಮಾಳಿಗೆ ನೋಡುತ್ತ ಬಂದಳು.

ಸಂಜೆ ಕರ ವಸೂಲಿಯವನು ಬಾಗಿಲಿಗೆ ಬಂದ. "ವರ್ಷ ಮುಗೀತು ಕಣವ್ವ. ಹಪ್ಪಳದ ಕಂದಾಯ ಆರು ವರಹ." ಹಾಳಾಗಿ ಹೋಗಲಿ ಎಂದು ಡಬ್ಬಿಯಿಂದ ತೆಗೆದುಕೊಟ್ಟಳು.

ಮಂಗಳವಾರ ರಂಗೋಜಿರಾಯರು ಕಾಗದವನ್ನು ಹಿಂದೆ ಮುಂದೆ ತಿರುವಿದರು. "ಈ ಒಪ್ಪಿಗೆಗೆ ತೊಂಬತ್ತೇ ದಿನ ಗಡುವು. ಅವಧಿ ಮೀರಿದೆ."

"ಅದೆಂಗ್ ಬುದ್ಧಿ? ನೆನ್ನೆ ತಾನೆ ಕೊಟ್ರಲ್ಲ!"

"ನೆನ್ನೆ ಅಲ್ಲ, ಹೋದ ವರ್ಷ. ಹೊಸದಾಗಿ ಅರ್ಜಿ ಹಾಕು. ಕಳೆದ ವರ್ಷದ ಆದಾಯ ಎಷ್ಟು?"

"ನೆನ್ನೆ ಅರವತ್ತು ಹಪ್ಪಳ ಮಾರಿದೆ."

ರಾಯರು ಕನ್ನಡಕ ತೆಗೆದರು. "ವರ್ಷವಿಡೀ ಕೂತು ಅರವತ್ತೇ ಹಪ್ಪಳ ಮಾಡಿದೀಯ? ಇಂಥ ಸೋಮಾರಿಗಳಿಗೆಲ್ಲ ಮನೆಸಾಲ ಕೊಟ್ರೆ ಕಚೇರಿ ಉಳಿಯುತ್ತೇನಮ್ಮ?"

ಬುಧವಾರ ಹೋದಳು, ಗುರುವಾರವೂ ಹೋದಳು. ಬೇವು ಮಾತ್ರ ತಪ್ಪದೆ ಸಿಕ್ಕಿತು. ಸೋಮವಾರ ಹುಟ್ಟಿದ ಕೂಸುಗಳನ್ನು ಮುಂದಿನ ವಾರ ಶಾಲೆಗೆ ಸೇರಿಸಬೇಕೆಂದು ಊರಿಗೆಲ್ಲ ನೋಟೀಸು ಬಂತು. ಪ್ರತಿ ಸಂಜೆ ವಸೂಲಿಯವನು ಬರುತ್ತಿದ್ದ, ವರ್ಷ ಮುಗೀತು ಕಣವ್ವ ಎನ್ನುತ್ತಿದ್ದ, ಡಬ್ಬಿಯಲ್ಲಿ ಆರು ವರಹ ಇಳಿಯುತ್ತಿತ್ತು. ಶನಿವಾರ ರಾತ್ರಿ ದೇವೀರಮ್ಮ ಡಬ್ಬಿಯ ತಳ ನೋಡಿಕೊಂಡು ಅತ್ತಳು. ಉಳಿದಿದ್ದು ನಾಲ್ಕು.

ಭಾನುವಾರ ಸಂಜೆ ಎರಡು ವರಹ ಕಡಿಮೆ ಬಿತ್ತು. ವಸೂಲಿಯವನು ಕೆಟ್ಟವನೇನಲ್ಲ; ಬೇಜಾರಿನಿಂದಲೇ ಅವಳ ಹೆಸರನ್ನು ದಿವಾಳಿ ಪಟ್ಟಿಗೆ ಬರೆದುಕೊಂಡ.

ಅದೇ ಹೊತ್ತಿಗೆ ಗೋಡೆಯಾಚೆ ಶಂಖ ಮೊಳಗಿತು. ಒಂದೇ ವಾರದಲ್ಲಿ ಏಳು ವರ್ಷದ ಕಂದಾಯ ವಸೂಲಾದ ಲೆಕ್ಕ ನೋಡಿ ಸಾಹುಕಾರರು ದಂಗಾಗಿದ್ದರು. ಇಂಥ ಆದಾಯವಿರುವ, ಏಳು ಬೇವನ್ನೂ ಮುಖ ಕಿವಿಚದೆ ಪೂರೈಸಿದ ಸಾಲಗಾರನನ್ನು ತಾವು ಕಂಡಿಲ್ಲವೆಂದು ಕೈಕುಲುಕಿ, ಮೂವತ್ತು ವರ್ಷದ ಮನೆಸಾಲ ಮಂಜೂರು ಮಾಡಿದರು. ಸೋಮವಾರ ಮತ್ತೆ ಡಂಗುರ: ಯೋಜನೆ ಯಶಸ್ವಿಯಾದ್ದರಿಂದ ಇನ್ನು ವರ್ಷಕ್ಕೆ ಒಂದೇ ಯುಗಾದಿ.

ಹೊಸ ಅರಮನೆ ಎದ್ದಿತು. ಮುಂದೆ ಕಮಾನು, ಹಿಂದೆಯೂ ಕಮಾನು. ಗೃಹಪ್ರವೇಶಕ್ಕೆ ತಥಾಸ್ತುರಾಯ ಪ್ರಭುಗಳಿಗೆ 'ಋಣವಿಜಯಿ' ಎಂಬ ಬಿರುದಿನ ಕಿರೀಟ ತೊಡಿಸಿದ. ಅದರ ಮರುದಿನ ದೇವೀರಮ್ಮನಿಗೆ ಕಚೇರಿಯಿಂದ ಕರೆ ಬಂತು.

"ಅರಮನೆ ಸಾಲದ ಮೊದಲ ಕಂತು," ಎಂದರು ರಂಗೋಜಿರಾಯರು. "ಮನೆಗೆ ಒಂದು ವರಹ. ಬೇವು ತಿಂದು ಹೆಬ್ಬೆಟ್ಟು ಒತ್ತಿದವರೆಲ್ಲ ಸಹಸಾಲಗಾರರು."

"ನಾನು ದಿವಾಳಿ ಆದೋಳು ಬುದ್ಧಿ. ಏಳು ವರ್ಷ ನಂಗೆ ಸಾಲವೇ ಇಲ್ಲ ಅಂತ ನೀವೇ ಬರ್ಕೊಟ್ಟಿದೀರಲ್ಲ?"

"ಸಾಲ ತಗೊಳ್ಳೋ ಹಾಗಿಲ್ಲ ಕಣಮ್ಮ," ಎಂದರು ರಾಯರು, ಕಾನೂನು ಪುಸ್ತಕವನ್ನು ಅವಳ ಕಡೆಗೆ ತಿರುಗಿಸಿ. "ತೀರಿಸಬಾರದು ಅಂತ ಎಲ್ಲಿದೆ, ತೋರ್ಸು?"

ದೇವೀರಮ್ಮ ಸೆರಗಿನ ಗಂಟು ಬಿಚ್ಚಿ ಒಂದು ವರಹ ಇಟ್ಟಳು. ಹೊರಗೆ ಬಂದು ತಲೆಯೆತ್ತಿ ನೋಡಿದರೆ ಹೊಸ ಅರಮನೆಯ ಮಾಳಿಗೆ. ಹತ್ತು ಸಾವಿರ ಹಪ್ಪಳ ಒಂದೇ ಬಿಸಿಲಿಗೆ ಒಣಗುವಷ್ಟು ಅಗಲ. ಮೇಲೆ ಒಂದು ಕಾಗೆ ಬಿಟ್ಟರೆ ಯಾರೂ ಇರಲಿಲ್ಲ. ಅವಳು ಸ್ವಲ್ಪ ಹೊತ್ತು ನೋಡುತ್ತ ನಿಂತು, ಹೊಸ್ತಿಲ ಬಿಸಿಲು ಹೋಗುವ ಮುಂಚೆ ಮನೆಗೆ ನಡೆದಳು.